ಗಣಕಯಂತ್ರದ ಯಜಮಾನಿಕೆ

ನಮ್ಮ ಕಡೆಯ ಹಳೆಯ ದೊಡ್ಡ ಮನೆಗಳನ್ನು ಕಂಡವರಿಗೆ ಅಲ್ಲಿಯ ಬೀಗದ ಕೈಗಳ ಗೊಂಚಲಿನ ನೆನಪು ಇರಬಹುದು. ಪತ್ತಾಯಕ್ಕೊಂದು, ಉಗ್ರಾಣಕ್ಕೊಂದು, ಕಾಗದಪತ್ರಗಳ ಪೆಟ್ಟಿಗೆಗೊಂದು ಕೈ. ಆ ಗೊಂಚಲು ಮನೆಯ ಯಜಮಾನನ ಸೊಂಟದಲ್ಲೋ ಹಿರಿಯ ಹೆಂಗಸಿನ ಸೆರಗಿನ ತುದಿಯಲ್ಲೋ ಇರುತ್ತಿತ್ತು. ಅಡಿಕೆ ಕೊಯ್ಯಲು ಬಂದ ಕೊನೆಗಾರನಿಗೆ ತೋಟದ ದಾರಿ ತೆರೆದಿರುತ್ತಿತ್ತು. ಪತ್ತಾಯದ ಕೈಯನ್ನು ಅವನಿಗೆ ಯಾರೂ ಕೊಡುತ್ತಿರಲಿಲ್ಲ. ಅವನು ಎಷ್ಟೇ ನಂಬಿಕಸ್ಥನಾಗಿರಲಿ, ಕೊನೆ ತೆಗೆಯುವುದಕ್ಕೆ ಪತ್ತಾಯದ ಕೈ ಬೇಕಾಗುವುದಿಲ್ಲವೆಂಬುದು ಅವನಿಗೂ ತಿಳಿದಿತ್ತು, ಮನೆಯವರಿಗೂ ತಿಳಿದಿತ್ತು.

ಗಣಕಯಂತ್ರದೊಳಗೂ ಇಂತಹುದೇ ಒಂದು ಮನೆಯಿದೆ, ಅದಕ್ಕೊಬ್ಬ ಯಜಮಾನನಿದ್ದಾನೆ, ಅವನಲ್ಲಿಯೂ ಎಲ್ಲ ಬಾಗಿಲುಗಳನ್ನು ತೆರೆಯಬಲ್ಲ ಕೈಗೊಂಚಲಿದೆ. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆಯು ಸಿದ್ಧಪಡಿಸಿರುವ, ಉಬುಂಟುವನ್ನು ಆಧಾರವಾಗಿಟ್ಟುಕೊಂಡ ಗ್ನು/ಲಿನಕ್ಸ್ ವ್ಯವಸ್ಥೆಯಲ್ಲಿ ಹೊಸ ತಂತ್ರಾಂಶವೊಂದನ್ನು ಸ್ಥಾಪಿಸಹೊರಟರೆ ಯಂತ್ರವು ತಡೆದು ಪಾಸ್‌ವರ್ಡ್ ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ‘ನನ್ನ ಮುಂದಿರುವ ಯಂತ್ರವೇ ನನ್ನನ್ನೇಕೆ ತಡೆಯಬೇಕು?’ ಎಂದು ಬೇಸರಪಟ್ಟವರೂ ಉಂಟು. ಈ ತಡೆಯ ಅರ್ಥವೇನು, ಅದನ್ನು ಲಘುವಾಗಿ ದಾಟಿಬಿಡುವುದರಿಂದ ಆಗುವ ಹಾನಿ ಎಂತಹುದು, ಮನುಷ್ಯರ ಕಣ್ಣಿಲ್ಲದೆ ಹಗಲಿರುಳು ದುಡಿಯುವ ಯಂತ್ರಗಳ ವಿಷಯದಲ್ಲಿ ಈ ಪ್ರಶ್ನೆ ಏಕೆ ಇನ್ನಷ್ಟು ಗುರುತರವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ನಮ್ಮ ಶಾಲೆಯಲ್ಲಿ ಓದಿದ ಮಕ್ಕಳು ಮಂಗಳೂರು, ಬೆಂಗಳೂರುಗಳಿಗೆ ಹೋಗಿ ಇದೇ ಉದ್ಯೋಗದಲ್ಲಿ ನೆಲೆ ಕಂಡಿರುವುದರಿಂದ ಪೋಷಕರಿಗೂ ಈ ವಿಷಯ ತೀರ ಹೊರಗಿನದೆನಿಸಲಾರದೆಂದು ನಂಬಿದ್ದೇವೆ.

ಆಜ್ಞೆಯ ಸಾಲು

ಗಣಕಯಂತ್ರಕ್ಕೆ ಕೆಲಸ ಹೇಳುವ ಬಗೆ ಎರಡು. ತೆರೆಯ ಮೇಲಿನ ಚಿತ್ರಗಳನ್ನು ಮೌಸಿನಿಂದ ಒತ್ತುವುದು ಒಂದು. ಬೇಕಾದ ಕೆಲಸವನ್ನು ಒಂದು ಸಾಲಿನ ಮಾತಾಗಿ ಟೈಪು ಮಾಡಿ ಒಪ್ಪಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಕಮಾಂಡ್ ಲೈನ್, ಅಂದರೆ ಆಜ್ಞೆಯ ಸಾಲು ಎಂದು ಹೆಸರು. ನೂರು ಕಡತಗಳ ಹೆಸರನ್ನು ಬದಲಿಸಬೇಕಾದಾಗ ನೂರು ಸಲ ಮೌಸು ಒತ್ತುವುದಕ್ಕಿಂತ ಒಂದು ಸಾಲು ಬರೆಯುವುದು ಸುಲಭ. ಅದೇ ಸಾಲನ್ನು ಒಂದು ಕಡತದಲ್ಲಿ ಬರೆದಿಟ್ಟರೆ ನಾಳೆ ಯಂತ್ರವೇ ಅದನ್ನು ಓದಿ ನಡೆಸೀತು. ಹೀಗೆ ಬರೆದಿಟ್ಟ ಆಜ್ಞೆಗಳ ಮಾಲೆಯನ್ನು ಸ್ಕ್ರಿಪ್ಟ್ ಎನ್ನುತ್ತಾರೆ.

ಆಜ್ಞೆಯ ಸಾಲಿನ ಗುಣವೇ ಅದರ ಅಪಾಯವೂ ಆಗಿದೆ. ಯಂತ್ರವು ಅಕ್ಷರಶಃ ಹೇಳಿದಂತೆ ಕೇಳುತ್ತದೆ. ಹೇಳಿದವನ ಮನಸ್ಸಿನಲ್ಲಿ ಏನಿತ್ತೆಂದು ವಿಚಾರಿಸುವುದಿಲ್ಲ. ಕಡತಗಳನ್ನು ಅಳಿಸುವ ‘ಆರ್‌ಎಂ’ ಎಂಬ ಆಜ್ಞೆಯನ್ನೇ ನೋಡಿರಿ. ಅದಕ್ಕೆ ‘ಒಳಗಿರುವುದೆಲ್ಲವನ್ನೂ ಕೇಳದೆ ಅಳಿಸು’ ಎಂಬ ಸೂಚನೆ ಸೇರಿಸಿದರೆ ಕ್ಷಣಾರ್ಧದಲ್ಲಿ ಒಂದು ಫೋಲ್ಡರೇ ಇಲ್ಲವಾಗುತ್ತದೆ. ಕಸದ ಬುಟ್ಟಿಯಿಂದ ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಆ ಬುಟ್ಟಿಗೆ ಅದು ಬಿದ್ದೇ ಇರುವುದಿಲ್ಲ.

ಇಂತಹ ಯಂತ್ರದಲ್ಲಿ ಹಲವರು ಒಟ್ಟಿಗೆ ಕೆಲಸ ಮಾಡಬೇಕಾದರೆ ಗಡಿಗಳು ಬೇಕಲ್ಲವೆ? ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಕಟ್ಟತೊಡಗಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಇದಕ್ಕೊಂದು ಸರಳವಾದ ಏರ್ಪಾಡು ಬೆಳೆದುಬಂದಿತು. ಇಂದಿನ ಲಿನಕ್ಸಿನಲ್ಲಿಯೂ ಅದೇ ಏರ್ಪಾಡು ಮುಂದುವರಿದಿದೆ. ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ. ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ. ಒಡೆಯ, ಅವನ ಗುಂಪಿನವರು, ಉಳಿದವರು ಎಂಬ ಮೂರು ವರ್ಗಗಳು. ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಹಕ್ಕುಗಳು. ಯಾರಿಗೆ ಯಾವ ಹಕ್ಕು ಎಂಬುದನ್ನು ಪ್ರತಿಯೊಂದು ಕಡತದ ಮೇಲೂ ಗುರುತು ಮಾಡಿರುತ್ತದೆ. ಗುರುತಿಗೆ ಮೀರಿದುದನ್ನು ಕೇಳಿದರೆ ಯಂತ್ರವು ‘ಅನುಮತಿಯಿಲ್ಲ’ ಎಂದು ಹೇಳಿಬಿಡುತ್ತದೆ.

ಈ ನಿಯಮಗಳಿಗೆ ಹೊರತಾದ ಒಂದು ಖಾತೆಯಿದೆ. ಅದರ ಸಂಖ್ಯೆ ಸೊನ್ನೆ; ಹೆಸರು ‘ರೂಟ್’, ಅಂದರೆ ಬೇರು. ಕಡತದ ಮೇಲೆ ಯಾವ ಗುರುತಿದ್ದರೂ ರೂಟ್ ಅದನ್ನು ಓದೀತು, ತಿದ್ದೀತು, ಅಳಿಸೀತು. ಇತರರ ಖಾತೆಗಳನ್ನು ತೆರೆದೀತು, ಮುಚ್ಚೀತು. ವಿಂಡೋಸ್ ವ್ಯವಸ್ಥೆಯಲ್ಲಿಯೂ ಆಡಳಿತಗಾರನ ಖಾತೆಯೊಂದಿದೆ. ಇದಲ್ಲದೆ ಹಿನ್ನೆಲೆಯಲ್ಲಿ ದುಡಿಯುವ ಸೇವೆಗಳಿಗಾಗಿ ‘ಲೋಕಲ್ ಸಿಸ್ಟಮ್’ ಎಂಬ ಅತಿ ಪ್ರಬಲವಾದ ಖಾತೆಯೂ ಅಲ್ಲಿ ಉಂಟು. ನಾವು ಯಜಮಾನಿಕೆಯೆಂದು ಕರೆಯುತ್ತಿರುವುದು ಇವುಗಳ ಅಧಿಕಾರವನ್ನೇ.

ಅಧಿಕಾರವು ಹರಿಯುವ ಬಗೆ

ಇಲ್ಲಿ ಎಲ್ಲರೂ ಚೆನ್ನಾಗಿ ಗ್ರಹಿಸಬೇಕಾದ ಒಂದು ಅಂಶವಿದೆ. ಪ್ರೋಗ್ರಾಮಿಗೆ ಸಾಮಾನ್ಯವಾಗಿ ತನ್ನದೆಂಬ ಅಧಿಕಾರವಿರುವುದಿಲ್ಲ. ಅದನ್ನು ಯಾರು ನಡೆಸಿದರೋ ಅವರ ಅಧಿಕಾರವೆಲ್ಲವೂ ಅದಕ್ಕೆ ಬರುತ್ತದೆ. ಅದು ಇನ್ನೊಂದು ಪ್ರೋಗ್ರಾಮನ್ನು ಕರೆದರೆ ಅದಕ್ಕೂ ಅಷ್ಟೇ ಅಧಿಕಾರ. ಆ ಎರಡನೆಯದು ಮೂರನೆಯದನ್ನು ಕರೆದರೆ ಮೂರನೆಯದಕ್ಕೂ ಅದೇ.

ಆಸ್ತಿಪಾಸ್ತಿಯ ವ್ಯವಹಾರ ಬಲ್ಲ ಪೋಷಕರಿಗೆ ಇದನ್ನು ಮುಖ್ತ್ಯಾರುನಾಮೆಯ ಉದಾಹರಣೆಯಿಂದ ತಿಳಿಸಬಹುದು. ದೂರದ ಊರಿನಲ್ಲಿರುವವನು ಇಲ್ಲಿಯ ಒಂದು ಜಾಗದ ತೆರಿಗೆ ಕಟ್ಟುವುದಕ್ಕೆಂದು ನೆಂಟನೊಬ್ಬನಿಗೆ ಅಧಿಕಾರಪತ್ರ ಬರೆದುಕೊಡುತ್ತಾನೆ. ‘ಇಂಥ ಜಾಗದ ತೆರಿಗೆಯನ್ನು ಕಟ್ಟತಕ್ಕದ್ದು’ ಎಂದಿಷ್ಟೇ ಬರೆದರೆ ಅದು ವಿಶೇಷ ಮುಖ್ತ್ಯಾರುನಾಮೆ. ‘ನನ್ನ ಸಮಸ್ತ ಆಸ್ತಿಯ ವಿಷಯದಲ್ಲಿ ನಾನು ಮಾಡಬಹುದಾದುದನ್ನೆಲ್ಲ ಇವನೂ ಮಾಡಬಹುದು’ ಎಂದು ಬರೆದರೆ ಅದು ಸಾಮಾನ್ಯ ಮುಖ್ತ್ಯಾರುನಾಮೆ. ತೆರಿಗೆ ಕಟ್ಟುವಷ್ಟಕ್ಕೆ ಎರಡನೆಯದನ್ನು ಬರೆದುಕೊಡುವವನನ್ನು ಕಂಡರೆ ವಕೀಲರು ತಡೆದು ಬುದ್ಧಿ ಹೇಳುತ್ತಾರೆ. ರೂಟ್ ಖಾತೆಯಲ್ಲಿ ನಿಂತು ಒಂದು ಸಣ್ಣ ಆಜ್ಞೆಯನ್ನು ನಡೆಸುವುದೆಂದರೆ ಈ ಎರಡನೆಯ ಪತ್ರಕ್ಕೆ ಸಹಿ ಹಾಕಿದಂತೆಯೇ. ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಎನ್ನಬೇಕು. ಏಕೆಂದರೆ ಪತ್ರ ಪಡೆದವನು ತಾನು ಕರೆದವರಿಗೆಲ್ಲ ಅದರ ಪ್ರತಿಯನ್ನು ಹಂಚುತ್ತ ಹೋಗುತ್ತಾನೆ.

ಹಾಗಾದರೆ ಸಾಮಾನ್ಯನಿಗೆ ಯಜಮಾನನ ಅಧಿಕಾರ ಎಂದೂ ಬೇಡವೆ? ಕೆಲವು ವೇಳೆ ಬೇಕು. ತನ್ನ ಪಾಸ್‌ವರ್ಡನ್ನು ಬದಲಿಸುವುದು ಪ್ರತಿಯೊಬ್ಬನ ಹಕ್ಕು. ಆದರೆ ಎಲ್ಲರ ಪಾಸ್‌ವರ್ಡುಗಳ ಗುರುತನ್ನು ಇಟ್ಟಿರುವ ಕಡತಕ್ಕೆ ರೂಟ್ ಒಡೆಯ. ಈ ತೊಡಕನ್ನು ಬಿಡಿಸಲು ಡೆನ್ನಿಸ್ ರಿಚಿ ಒಂದು ಉಪಾಯ ಕಂಡುಹಿಡಿದರು. ಪಾಸ್‌ವರ್ಡ್ ಬದಲಿಸುವ ಆ ಒಂದು ಪ್ರೋಗ್ರಾಮಿನ ಮೇಲೆ ಮಾತ್ರ ವಿಶೇಷವಾದ ಗುರುತಿರುತ್ತದೆ. ಅದನ್ನು ಯಾರೇ ನಡೆಸಲಿ, ಆ ಕೆಲಸ ನಡೆಯುವಷ್ಟು ಹೊತ್ತು ಅದು ತನ್ನ ಒಡೆಯನ ಅಧಿಕಾರದಿಂದ ನಡೆಯುತ್ತದೆ. ಈ ಉಪಾಯಕ್ಕೆ ೧೯೭೯ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಒಂದೇ ಕೆಲಸಕ್ಕೆ ಸೀಮಿತವಾದ ಅಧಿಕಾರ ಎಂಬ ತತ್ತ್ವವನ್ನು ಇದರಲ್ಲಿ ಕಾಣುತ್ತೇವೆ.

೧೯೮೦ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೋ ಶಾಖೆಯಲ್ಲಿ ಬಾಬ್ ಕಾಗ್ಗೆಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಎಂಬವರು ‘ಸುಡೊ’ ಎಂಬ ಸಾಧನವನ್ನು ರಚಿಸಿದರು. ಆಜ್ಞೆಯ ಮುಂದೆ ಈ ಪದವನ್ನು ಸೇರಿಸಿದರೆ ಆ ಒಂದು ಆಜ್ಞೆ ಮಾತ್ರ ರೂಟಿನ ಅಧಿಕಾರದಿಂದ ನಡೆಯುತ್ತದೆ. ಯಾರು, ಯಾವ ಆಜ್ಞೆಯನ್ನು ಹೀಗೆ ನಡೆಸಬಹುದು ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡಬಹುದು. ಯಾರು ಯಾವಾಗ ನಡೆಸಿದರೆಂಬ ದಾಖಲೆಯೂ ಉಳಿಯುತ್ತದೆ. ಶಾಲೆಯ ಯಂತ್ರವು ಪಾಸ್‌ವರ್ಡ್ ಕೇಳುವುದು ಇಂತಹ ಒಂದು ಬಾಗಿಲ ಬಳಿಯಲ್ಲಿಯೇ.

ಈ ಎಲ್ಲದರ ಹಿಂದಿರುವ ತತ್ತ್ವವನ್ನು ೧೯೭೫ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿದ್ವಾಂಸರು ಗಣಕಯಂತ್ರದಲ್ಲಿ ಮಾಹಿತಿಯ ರಕ್ಷಣೆಯನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಸ್ಪಷ್ಟಪಡಿಸಿದರು. ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಬ್ಬ ಬಳಕೆದಾರನೂ ತನ್ನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರದಿಂದ ನಡೆಯಬೇಕು. ಹಾಗಾದರೆ ತಪ್ಪೋ ಅಪಘಾತವೋ ಸಂಭವಿಸಿದಾಗ ಹಾನಿಗೆ ಒಂದು ಎಲ್ಲೆ ಇರುತ್ತದೆ ಎಂಬುದು ಅದರ ಸಾರಾಂಶ. ಇದಕ್ಕೆ ಕನಿಷ್ಠ ಅಧಿಕಾರದ ತತ್ತ್ವವೆಂದು ಹೆಸರು. ತಪ್ಪೇ ಆಗದಂತೆ ಮಾಡುತ್ತೇವೆಂದು ಅವರು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ತಪ್ಪು ಆಗಿಯೇ ಆಗುತ್ತದೆ, ಅದು ಎಲ್ಲಿಯವರೆಗೆ ಹಬ್ಬಬಹುದೆಂಬುದನ್ನು ಮೊದಲೇ ನಿಶ್ಚಯಿಸೋಣ ಎಂಬುದು ಅವರ ವಿವೇಕ.

ಒಂದು ಖಾಲಿ ಜಾಗ, ಒಂದು ಖಾಲಿ ಹೆಸರು

ತತ್ತ್ವಕ್ಕೆ ದೃಷ್ಟಾಂತ ಬೇಕು. ೨೦೧೧ರಲ್ಲಿ, ಎರಡು ಬಗೆಯ ಚಿತ್ರಫಲಕಗಳಿದ್ದ ಲ್ಯಾಪ್‌ಟಾಪುಗಳಿಗಾಗಿ ಬಂಬಲ್‌ಬೀ ಎಂಬ ತಂತ್ರಾಂಶವು ಪ್ರಚಾರಕ್ಕೆ ಬಂದಿತ್ತು. ಅದರ ಸ್ಥಾಪನೆಯ ಸ್ಕ್ರಿಪ್ಟಿನಲ್ಲಿ ‘ಯುಎಸ್‌ಆರ್’ ಎಂಬ ಮೂಲ ಫೋಲ್ಡರಿನ ಬಹಳ ಒಳಗಿರುವ ಒಂದು ಚಿಕ್ಕ ಫೋಲ್ಡರನ್ನು ಅಳಿಸಬೇಕೆಂಬ ಸಾಲಿತ್ತು. ಬರೆಯುವಾಗ ‘ಯುಎಸ್‌ಆರ್’ ಎಂಬುದರ ಮುಂದೆ ಕೈತಪ್ಪಿ ಒಂದು ಖಾಲಿ ಜಾಗ ಬಿದ್ದಿತು. ಯಂತ್ರವು ಅದನ್ನು ಎರಡು ಹೆಸರುಗಳೆಂದು ಓದಿಕೊಂಡು ಮೊದಲನೆಯದನ್ನು, ಅಂದರೆ ವ್ಯವಸ್ಥೆಯ ಬಹುಪಾಲು ಪ್ರೋಗ್ರಾಮುಗಳಿರುವ ಇಡೀ ‘ಯುಎಸ್‌ಆರ್’ ಫೋಲ್ಡರನ್ನೇ, ಅಳಿಸಿಬಿಟ್ಟಿತು. ಸ್ಥಾಪನೆಯನ್ನು ರೂಟಿನ ಅಧಿಕಾರದಿಂದ ನಡೆಸುತ್ತಿದ್ದುದರಿಂದ ತಡೆಯುವವರು ಯಾರೂ ಇರಲಿಲ್ಲ. ಒಂದು ಖಾಲಿ ಜಾಗಕ್ಕೆ ಇಡೀ ಯಂತ್ರವೇ ಬಲಿಯಾಯಿತು.

ಇದರೊಡನೆ ೨೦೧೫ರ ಜನವರಿಯಲ್ಲಿ ಬೆಳಕಿಗೆ ಬಂದ ಇನ್ನೊಂದು ಪ್ರಸಂಗವನ್ನು ಹೋಲಿಸಿ ನೋಡೋಣ. ಲಿನಕ್ಸಿನಲ್ಲಿ ಆಟಗಳನ್ನು ನಡೆಸುವ ಸ್ಟೀಮ್ ಎಂಬ ತಂತ್ರಾಂಶದ ಸ್ಕ್ರಿಪ್ಟು ತಾನಿರುವ ಫೋಲ್ಡರಿನ ಹೆಸರನ್ನು ಕಂಡುಕೊಂಡು, ಸಂದರ್ಭ ಬಂದರೆ ಅದರೊಳಗಿನದನ್ನೆಲ್ಲ ಅಳಿಸುವಂತೆ ಬರೆದುದಾಗಿತ್ತು. ಬಳಕೆದಾರನೊಬ್ಬನು ಆ ಫೋಲ್ಡರನ್ನು ಬೇರೆಡೆಗೆ ಸರಿಸಿದಾಗ ಹೆಸರು ಸಿಗದೆ ಆ ಸ್ಥಳ ಖಾಲಿಯಾಗಿ ಉಳಿಯಿತು. ‘ಇಂಥ ಫೋಲ್ಡರಿನ ಒಳಗಿರುವುದೆಲ್ಲ’ ಎಂಬುದು ‘ಮೂಲದಿಂದ ಮೊದಲ್ಗೊಂಡು ಇರುವುದೆಲ್ಲ’ ಎಂದು ಪರಿಣಮಿಸಿತು. ಆ ಸಾಲು ಭಯಾನಕವೆಂಬ ಟಿಪ್ಪಣಿಯನ್ನು ಸ್ಕ್ರಿಪ್ಟು ಬರೆದವರೇ ಅದರ ಪಕ್ಕದಲ್ಲಿ ಹಾಕಿದ್ದರೆಂಬುದು ಸೋಜಿಗ! ಆದರೆ ಸ್ಟೀಮ್ ನಡೆಯುತ್ತಿದ್ದುದು ಸಾಮಾನ್ಯ ಬಳಕೆದಾರನ ಖಾತೆಯಲ್ಲಿ. ಅವನ ಸ್ವಂತ ಕಡತಗಳೂ ಹೊರಗಿನಿಂದ ಜೋಡಿಸಿದ್ದ ಡಿಸ್ಕಿನಲ್ಲಿದ್ದ ಅವನ ಪ್ರತಿಗಳೂ ನಾಶವಾದುವು. ವ್ಯವಸ್ಥೆಗೆ ಸೇರಿದ ಕಡತಗಳು ಮಾತ್ರ ‘ಅನುಮತಿಯಿಲ್ಲ’ ಎಂಬ ಗೋಡೆಯ ಹಿಂದೆ ಉಳಿದುಕೊಂಡುವು.

ಎರಡೂ ತಪ್ಪುಗಳ ಸ್ವರೂಪ ಒಂದೇ. ಹಾನಿಯ ಎಲ್ಲೆ ಬೇರೆ. ಎರಡನೆಯ ಪ್ರಸಂಗದಲ್ಲಿ ನಷ್ಟವೇ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ತನ್ನ ಮಗುವಿನ ಚಿತ್ರಗಳನ್ನು ಕಳೆದುಕೊಂಡವನಿಗೆ ವ್ಯವಸ್ಥೆ ಉಳಿಯಿತೆಂಬುದು ಏನು ಸಮಾಧಾನ? ಆದುದರಿಂದ ಕನಿಷ್ಠ ಅಧಿಕಾರದ ಜೊತೆಗೆ, ಯಂತ್ರದಿಂದ ಬೇರ್ಪಡಿಸಿ ಇಟ್ಟ ಇನ್ನೊಂದು ಪ್ರತಿಯೂ ಬೇಕೇ ಬೇಕು.

೨೦೧೮ರ ಫೆಬ್ರವರಿಯಲ್ಲಿ ಎನ್‌ಪಿಎಂ ಎಂಬ ಸಾಧನದ ೫.೭.೦ ಆವೃತ್ತಿ ಹೊರಬಂದಾಗ ಇನ್ನೊಂದು ಬಗೆಯ ಪಾಠವಾಯಿತು. ಅದನ್ನು ಸುಡೊ ಸೇರಿಸಿ ನಡೆಸಿದವರ ಯಂತ್ರಗಳಲ್ಲಿ ವ್ಯವಸ್ಥೆಗೆ ಸೇರಿದ ಕಡತಗಳ ಒಡೆತನವೇ ಬದಲಾಗಿಹೋಗಿ ಯಂತ್ರಗಳು ಕೆಟ್ಟು ನಿಂತುವು. ಕೂಡಲೆ ೫.೭.೧ ಆವೃತ್ತಿಯಲ್ಲಿ ದೋಷವನ್ನು ತಿದ್ದಿದರು. ಇಲ್ಲಿ ಬಳಕೆದಾರರು ತಪ್ಪು ಸಾಲನ್ನೇನೂ ಬರೆದಿರಲಿಲ್ಲ; ತಪ್ಪು ಸಾಧನದ ಒಳಗಿತ್ತು. ಸುಡೊ ಇಲ್ಲದೆ ನಡೆಸಿದ್ದರೆ ಒಡೆತನ ಬದಲಿಸುವ ಶಕ್ತಿಯೇ ಅದಕ್ಕೆ ಇರುತ್ತಿರಲಿಲ್ಲ.

ಒಂದು ಸುಡೊ ಇನ್ನೊಂದನ್ನು ಕರೆಯುವುದು

ಇಷ್ಟು ತಿಳಿದಿದ್ದರೂ ಜನರು ಯಜಮಾನಿಕೆಯನ್ನು ಏಕೆ ಬಳಸುತ್ತಾರೆ? ‘ಅನುಮತಿಯಿಲ್ಲ’ ಎಂಬ ಮಾತು ಅವಸರದಲ್ಲಿರುವವನಿಗೆ ಕಿರಿಕಿರಿ. ಮುಂದೆ ಸುಡೊ ಸೇರಿಸಿದರೆ ಕೆಲಸ ಆಗಿಬಿಡುತ್ತದೆ. ಆದರೆ ಹಾಗೆ ನಡೆಸಿದಾಗ ಹುಟ್ಟಿದ ಹೊಸ ಕಡತಗಳಿಗೆ ರೂಟ್ ಒಡೆಯನಾಗುತ್ತಾನೆ. ಮರುದಿನ ಸಾಮಾನ್ಯ ಖಾತೆಯಿಂದ ಅವನ್ನು ತಿದ್ದಹೊರಟರೆ ಮತ್ತೆ ‘ಅನುಮತಿಯಿಲ್ಲ’. ಆಗ ಮತ್ತೊಂದು ಸುಡೊ. ಹೀಗೆ ಒಂದು ವಾರದೊಳಗೆ ಆ ಫೋಲ್ಡರಿನಲ್ಲಿ ಸುಡೊ ಇಲ್ಲದೆ ಏನೂ ನಡೆಯದ ಸ್ಥಿತಿ ಬರುತ್ತದೆ. ಸಾಲ ತೀರಿಸಲು ಸಾಲ ಮಾಡಿದವನ ಕಥೆಯಂತೆ!

ನಮ್ಮದೇ ಅನುಭವವೊಂದನ್ನು ಇಲ್ಲಿ ನಾಚಿಕೆಯಿಂದಲೇ ಹೇಳಬೇಕು. ಅದಕ್ಕೆ ಮೊದಲು ಬಿಲ್ಡ್ ಏಜೆಂಟ್ ಎಂದರೇನೆಂದು ತಿಳಿಸುವುದು ಅಗತ್ಯ.

ರಾತ್ರಿಯ ಆಳು

ತಂತ್ರಾಂಶವನ್ನು ಹತ್ತಾರು ಜನರು ಸೇರಿ ಬರೆಯುತ್ತಾರೆ. ಅವರು ಬರೆದ ಮೂಲ ಪಾಠವನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು, ಪರೀಕ್ಷಿಸಬೇಕು, ಹೊರಗಿನಿಂದ ಬೇಕಾದ ಭಾಗಗಳನ್ನು ತಂದು ಸೇರಿಸಬೇಕು, ಕೊನೆಗೆ ಕಟ್ಟು ಕಟ್ಟಿ ಗ್ರಾಹಕರಿಗೆ ಕಳುಹಿಸಬೇಕು. ಇದಕ್ಕೆ ಒಟ್ಟಾಗಿ ಬಿಲ್ಡ್ ಎಂದು ಹೆಸರು. ದಿನಕ್ಕೆ ಹಲವು ಸಲ ಮಾಡಬೇಕಾದ ಈ ಕೆಲಸವನ್ನು ಮನುಷ್ಯರು ಮಾಡುತ್ತ ಕೂರುವುದಿಲ್ಲ. ಅದಕ್ಕೆಂದೇ ಒಂದು ಯಂತ್ರದಲ್ಲಿ ಒಂದು ಪ್ರೋಗ್ರಾಮನ್ನು ನಿಲ್ಲಿಸಿರುತ್ತಾರೆ. ಯಾರಾದರೂ ಹೊಸ ಪಾಠವನ್ನು ಒಪ್ಪಿಸಿದೊಡನೆ ಅದು ಎಚ್ಚೆತ್ತು, ಬರೆದಿಟ್ಟ ಆಜ್ಞೆಗಳನ್ನು ಒಂದೊಂದಾಗಿ ನಡೆಸಿ, ಫಲಿತಾಂಶವನ್ನು ತಿಳಿಸುತ್ತದೆ. ಇದೇ ಬಿಲ್ಡ್ ಏಜೆಂಟ್. ಜೆಂಕಿನ್ಸ್ ಎಂಬುದು ಇಂತಹ ಏಜೆಂಟುಗಳಿಗೆ ಕೆಲಸ ಹಂಚುವ ಪ್ರಸಿದ್ಧ ತಂತ್ರಾಂಶಗಳಲ್ಲಿ ಒಂದು.

ನಾವು ಹಿಂದೆ ದುಡಿಯುತ್ತಿದ್ದ ಒಂದು ಕಛೇರಿಯಲ್ಲಿ ಇಂತಹ ಏಜೆಂಟಿನ ಯಂತ್ರವನ್ನು ನೋಡಿಕೊಳ್ಳುವ ಹೊಣೆ ನಮ್ಮದಾಗಿತ್ತು. ಒಂದು ಸಂಜೆ ಅವಸರದಲ್ಲಿ ಅದರ ಕೆಲಸದ ಫೋಲ್ಡರಿನಲ್ಲಿ ಒಂದು ಆಜ್ಞೆಯನ್ನು ಸುಡೊ ಸೇರಿಸಿ ನಡೆಸಿದೆವು. ಬೆಳಗ್ಗೆ ಬಂದು ನೋಡಿದರೆ ಏಜೆಂಟು ತನ್ನ ಫೋಲ್ಡರನ್ನು ತಾನೇ ಶುಚಿಗೊಳಿಸಲಾರದೆ ನಿಂತಿತ್ತು. ಒಳಗಿದ್ದ ಕೆಲವು ಕಡತಗಳಿಗೆ ರೂಟ್ ಒಡೆಯನಾಗಿದ್ದನಷ್ಟೆ. ಆ ಕಡತಗಳ ಒಡೆತನವನ್ನು ಸರಿಪಡಿಸಿದ್ದರೆ ಸಾಕಿತ್ತು. ಅದನ್ನು ಬಿಟ್ಟು ಏಜೆಂಟನ್ನೇ ರೂಟಿನ ಖಾತೆಗೆ ಬದಲಿಸಿಬಿಟ್ಟೆವು. ತೊಂದರೆಗಳೆಲ್ಲ ನಿಂತುವು, ಎಲ್ಲರೂ ಹೊಗಳಿದರು. ಕೆಲವು ತಿಂಗಳ ಮೇಲೆ ಜೊತೆಯವನೊಬ್ಬನು ಬರೆದ ಶುಚಿಗೊಳಿಸುವ ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ಹೆಸರು ಖಾಲಿಯಾಗಿ ಹೋಯಿತು. ಉಳಿದುದನ್ನು ಓದುಗರು ಊಹಿಸಬಲ್ಲರು. ಆ ಯಂತ್ರವನ್ನು ಮೊದಲಿನಿಂದ ಕಟ್ಟಬೇಕಾಯಿತು. ಎಲ್ಲರ ಕಣ್ಣೂ ಆ ಸ್ಕ್ರಿಪ್ಟು ಬರೆದ ಹುಡುಗನ ಮೇಲಿತ್ತು. ಅವನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಾಮಾನ್ಯ ಖಾತೆಯಲ್ಲಿದ್ದರೆ ಅವನ ತಪ್ಪು ಒಂದು ಫೋಲ್ಡರಿಗೆ ಮುಗಿಯುತ್ತಿತ್ತು. ಅದನ್ನು ಅನಾಹುತವಾಗಿ ಮಾಡಿದುದು ನಾವು ಕೊಟ್ಟ ಅಧಿಕಾರ. ಹಾಗೆಂದು ಎಲ್ಲರೆದುರು ಒಪ್ಪಿಕೊಳ್ಳಲು ನಮಗೆ ಒಂದು ದಿನ ಹಿಡಿಯಿತೆಂಬುದು ಇಂದಿಗೂ ಮನಸ್ಸನ್ನು ಕುಟುಕುತ್ತದೆ.

ಅಪರಿಚಿತರ ಕೈಬರಹ

ಅದು ಕೇವಲ ಕೈತಪ್ಪು. ದುರುದ್ದೇಶವೇ ಬಂದು ಸೇರಿದರೆ? ಬಿಲ್ಡ್ ಏಜೆಂಟು ನಡೆಸುವ ಆಜ್ಞೆಗಳೆಲ್ಲ ಮನೆಯವರು ಬರೆದವೆಂದು ತಿಳಿಯಬಾರದು. ಇಂದಿನ ಯಾವ ತಂತ್ರಾಂಶವೂ ಒಂಟಿಯಾಗಿ ನಿಂತಿಲ್ಲ. ಲೋಕದ ನಾನಾ ಕಡೆಯವರು ಬರೆದು ಉಚಿತವಾಗಿ ಹಂಚಿದ ನೂರಾರು ಭಾಗಗಳನ್ನು ಅದು ತನ್ನೊಳಗೆ ಸೇರಿಸಿಕೊಂಡಿರುತ್ತದೆ. ಅವುಗಳಲ್ಲಿ ಕೆಲವು, ಸ್ಥಾಪಿಸಿದ ಮಾತ್ರಕ್ಕೆ ತಮ್ಮದೇ ಸ್ಕ್ರಿಪ್ಟನ್ನು ನಡೆಸುತ್ತವೆ. ಅಪರಿಚಿತನ ಕೈಬರಹವನ್ನು ಓದಿ ಹಾಗೆಯೇ ನಡೆಸುವ ಆಳಿಗೆ ನಾವು ಯಜಮಾನನ ಕೈಗೊಂಚಲನ್ನು ಕೊಟ್ಟರೆ, ಅದನ್ನು ಆ ಅಪರಿಚಿತರೆಲ್ಲರಿಗೂ ಕೊಟ್ಟಂತಾಯಿತು.

೨೦೧೮ರಲ್ಲಿ ‘ಇವೆಂಟ್-ಸ್ಟ್ರೀಮ್’ ಎಂಬ, ಬಹಳ ಮಂದಿ ಬಳಸುತ್ತಿದ್ದ ಭಾಗವೊಂದರ ಪಾಲನೆಯನ್ನು ಅದರ ಮೂಲ ಲೇಖಕರು, ನೆರವಾಗುತ್ತೇನೆಂದು ಮುಂದೆ ಬಂದ ಅಪರಿಚಿತನೊಬ್ಬನಿಗೆ ಒಪ್ಪಿಸಿದರು. ಅವನು ಅದರಲ್ಲಿ ಕದಿಯುವ ಪಾಠವೊಂದನ್ನು ಅಡಗಿಸಿದನು. ಅದು ಎಲ್ಲೆಡೆಯೂ ನಿದ್ರಿಸುತ್ತಿದ್ದು, ಕೋಪೇ ಎಂಬ ಬಿಟ್‌ಕಾಯಿನ್ ತಿಜೋರಿಯ ತಂತ್ರಾಂಶವನ್ನು ಬಿಲ್ಡ್ ಮಾಡುವಾಗ ಮಾತ್ರ ಎಚ್ಚರಗೊಳ್ಳುತ್ತಿತ್ತು. ನವೆಂಬರಿನಲ್ಲಿ ಅದು ಪತ್ತೆಯಾಯಿತು.

ಬಿಲ್ಡ್ ಏಜೆಂಟಿಗೆ ರೂಟಿನ ಅಧಿಕಾರ ಇಲ್ಲದಿದ್ದರೂ ಅದರ ಕೈಯಲ್ಲಿ ಬೇರೆ ಗುಟ್ಟುಗಳಿರುತ್ತವೆ: ಗ್ರಾಹಕರಿಗೆ ತಂತ್ರಾಂಶ ಕಳುಹಿಸುವ ಪಾಸ್‌ವರ್ಡುಗಳು, ಸಂಸ್ಥೆಯ ಮುದ್ರೆ ಒತ್ತುವ ಕೀಲಿಗಳು. ೨೦೨೧ರ ಜನವರಿ ೩೧ರಿಂದ ಏಪ್ರಿಲ್ ೧ರವರೆಗೆ, ಕೋಡ್‌ಕವ್ ಎಂಬ ಸಂಸ್ಥೆಯು ಏಜೆಂಟುಗಳ ಬಳಕೆಗಾಗಿ ಒದಗಿಸುತ್ತಿದ್ದ ಸ್ಕ್ರಿಪ್ಟನ್ನು ಕಿಡಿಗೇಡಿಗಳು ತಿದ್ದಿದ್ದರು. ಅದು ನಡೆದೆಡೆಯಲ್ಲೆಲ್ಲ ಏಜೆಂಟಿನ ಬಳಿಯಿದ್ದ ಗುಟ್ಟುಗಳು ಹೊರಗೆ ರವಾನೆಯಾಗುತ್ತಿದ್ದುವು. ಪ್ರಕಟವಾಗಿದ್ದ ಗುರುತಿನ ಸಂಖ್ಯೆಯೊಡನೆ ತಾನು ಪಡೆದ ಸ್ಕ್ರಿಪ್ಟನ್ನು ತಾಳೆ ನೋಡಿದ ಒಬ್ಬ ಗ್ರಾಹಕನ ಜಾಗರೂಕತೆಯಿಂದ ಮೋಸ ಹೊರಬಿದ್ದಿತು.

೨೦೨೦ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣ ಇನ್ನೂ ದೊಡ್ಡದು. ಆ ಸಂಸ್ಥೆಯ ಒರಾಯನ್ ಎಂಬ ತಂತ್ರಾಂಶದ ಬಿಲ್ಡ್ ಯಂತ್ರದೊಳಗೆ ನುಸುಳಿದ ಶತ್ರು ಪ್ರೋಗ್ರಾಮೊಂದು, ಬಿಲ್ಡ್ ಆರಂಭವಾಗುವುದನ್ನೇ ಕಾದಿದ್ದು, ಮೂಲ ಪಾಠದ ಒಂದು ಕಡತವನ್ನು ಕದ್ದು ಬದಲಿಸಿ, ಕೆಲಸ ಮುಗಿದೊಡನೆ ಮೊದಲಿನದನ್ನು ಮತ್ತೆ ಇಡುತ್ತಿತ್ತು. ಹೀಗೆ ವಿಷ ಬೆರೆತ ತಂತ್ರಾಂಶವು ಸಂಸ್ಥೆಯ ಮುದ್ರೆಯನ್ನೇ ಹೊತ್ತು ಹದಿನೆಂಟು ಸಾವಿರದವರೆಗಿನ ಗ್ರಾಹಕರನ್ನು ತಲುಪಿರಬಹುದೆಂದು ಆ ಸಂಸ್ಥೆಯೇ ತಿಳಿಸಿತು. ಅವರಲ್ಲಿ ಅಮೆರಿಕದ ಸರಕಾರದ ಇಲಾಖೆಗಳೂ ಇದ್ದುವು. ೨೦೨೧ರ ಜನವರಿಯಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಆ ಶತ್ರು ಪ್ರೋಗ್ರಾಮು ಇತರ ಪ್ರೋಗ್ರಾಮುಗಳ ನೆನಪನ್ನು ಇಣುಕಿ ನೋಡುವ ವಿಶೇಷ ಹಕ್ಕನ್ನು ತನಗೆ ತಾನೇ ಕೊಟ್ಟುಕೊಳ್ಳುತ್ತಿತ್ತು. ವಿಂಡೋಸಿನ ಸಹಜ ಏರ್ಪಾಡಿನಲ್ಲಿ ಆ ಹಕ್ಕು ಆಡಳಿತಗಾರರ ಗುಂಪಿಗೆ ಮಾತ್ರ ಮೀಸಲು. ಬಿಲ್ಡ್ ಯಂತ್ರದಲ್ಲಿ ಯಾರಿಗೆ ಎಷ್ಟು ಅಧಿಕಾರವೆಂಬುದು ಎಂತಹ ಗುರುತರ ಪ್ರಶ್ನೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮಾಡತಕ್ಕದ್ದೇನು?

ಮೊದಲನೆಯದಾಗಿ, ಪ್ರತಿಯೊಂದು ಏಜೆಂಟಿಗೂ ಅದರದೇ ಆದ ಸಾಮಾನ್ಯ ಖಾತೆ ಇರಬೇಕು. ಆ ಖಾತೆ ತನ್ನ ಕೆಲಸದ ಫೋಲ್ಡರಿಗೆ ಮಾತ್ರ ಒಡೆಯ. ಲಿನಕ್ಸಿನ ಜೆಂಕಿನ್ಸ್ ಕಟ್ಟನ್ನು ಸ್ಥಾಪಿಸಿದರೆ ಅದು ‘ಜೆಂಕಿನ್ಸ್’ ಎಂಬ ಪ್ರತ್ಯೇಕ ಖಾತೆಯನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ವಿಂಡೋಸಿನಲ್ಲಿ ಲೋಕಲ್ ಸಿಸ್ಟಮ್ ಖಾತೆಯನ್ನು ಬಿಟ್ಟು, ಅದಕ್ಕೆಂದೇ ತೆರೆದ ಮಿತವಾದ ಖಾತೆಯನ್ನು ಬಳಸುವುದು ಲೇಸು.

ಎರಡನೆಯದಾಗಿ, ಏಜೆಂಟಿಗೆ ಯಜಮಾನನ ಒಂದು ಕೆಲಸ, ಉದಾಹರಣೆಗೆ ಒಂದು ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು, ನಿಜವಾಗಿಯೂ ಬೇಕಾಗಿದ್ದರೆ, ಸುಡೊ ಪಟ್ಟಿಯಲ್ಲಿ ಆ ಒಂದೇ ಆಜ್ಞೆಯನ್ನು ಪೂರ್ಣ ವಿಳಾಸದೊಡನೆ ಬರೆದುಕೊಡತಕ್ಕದ್ದು. ಇದೇ ವಿಶೇಷ ಮುಖ್ತ್ಯಾರುನಾಮೆ. ಇಲ್ಲಿ ಒಂದು ಹಿಂಬಾಗಿಲಿನ ವಿಷಯದಲ್ಲಿ ಎಚ್ಚರವಿರಲಿ. ಡಾಕರ್ ಎಂಬ ಸಾಧನದ ಗುಂಪಿಗೆ ಒಂದು ಖಾತೆಯನ್ನು ಸೇರಿಸಿದರೆ, ಹೆಸರಿಗೆ ಸಾಮಾನ್ಯವಾಗಿದ್ದರೂ ಅದಕ್ಕೆ ರೂಟಿಗೆ ಸಮಾನವಾದ ಅಧಿಕಾರ ದೊರೆತಂತೆಯೇ ಸರಿ.

ಮೂರನೆಯದಾಗಿ, ಪರೀಕ್ಷೆ ಮಾಡುವ ಏಜೆಂಟು ಮತ್ತು ಗ್ರಾಹಕರಿಗೆ ಕಳುಹಿಸುವ ಏಜೆಂಟು ಬೇರೆ ಬೇರೆಯಾಗಿರಬೇಕು. ಕಳುಹಿಸುವ ಗುಟ್ಟುಗಳು ಎರಡನೆಯದರ ಬಳಿ ಮಾತ್ರ, ಅದೂ ಬೇಕಾದ ಹೊತ್ತಿನಲ್ಲಿ ಮಾತ್ರ ಇರಲಿ.

ನಾಲ್ಕನೆಯದಾಗಿ, ಸಾಧ್ಯವಾದಲ್ಲಿ ಪ್ರತಿಯೊಂದು ಬಿಲ್ಡಿಗೂ ಹೊಸ ಯಂತ್ರವನ್ನು ಕೊಟ್ಟು ಕೆಲಸ ಮುಗಿದೊಡನೆ ಅದನ್ನು ಇಲ್ಲವಾಗಿಸುವುದು ಉತ್ತಮ. ಇಲ್ಲಿ ಯಂತ್ರವೆಂದರೆ ಒಂದು ದೊಡ್ಡ ಯಂತ್ರದೊಳಗೆ ಕಲ್ಪಿಸಿಕೊಂಡ ತಾತ್ಕಾಲಿಕ ಯಂತ್ರ. ಗಿಟ್‌ಹಬ್ ಸಂಸ್ಥೆಯು ಒದಗಿಸುವ ಯಂತ್ರಗಳು ಹೀಗೆಯೇ ಒಂದು ಕೆಲಸಕ್ಕೆ ಹುಟ್ಟಿ, ಆ ಕೆಲಸದೊಡನೆ ಅಳಿಯುತ್ತವೆ. ಅಲ್ಲಿ ಸುಡೊ ಬಳಸಲು ಅಡ್ಡಿಯೂ ಇಲ್ಲ. ಮದುವೆಯ ಚಪ್ಪರದಲ್ಲಿ ಎಲ್ಲಿ ಬೇಕಾದರೂ ಗುಂಡಿ ತೋಡಿ ಕಂಬ ನೆಡಬಹುದು, ಏಕೆಂದರೆ ಮರುದಿನ ಅದನ್ನು ಬಿಚ್ಚುವುದೇ ಆಗಿದೆ. ಮನೆಯ ನಡುಮನೆಯಲ್ಲಿ ಹಾಗೆ ತೋಡುವವರಿಲ್ಲ.

ಸಾಧನಗಳನ್ನು ರಚಿಸುವವರೇ ಈಗ ಜಾಗರೂಕರಾಗಿದ್ದಾರೆ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಗ್ರಹವನ್ನು ರೂಟಿನ ಖಾತೆಯಲ್ಲಿ ಆರಂಭಿಸಹೋದರೆ ಅದು ಒಪ್ಪುವುದಿಲ್ಲ. ಹೋಮ್‌ಬ್ರೂ ಎಂಬ ಸ್ಥಾಪನಾ ಸಾಧನ ಸುಡೊ ಸೇರಿಸಿದರೆ ನಿರಾಕರಿಸುತ್ತದೆ. ಕಂಪ್ಯೋಸರ್ ಎಂಬುದು ಎಚ್ಚರಿಕೆ ಕೊಡುತ್ತದೆ. ಗಿಟ್‌ಹಬ್ಬಿನ ಏಜೆಂಟನ್ನು ನಮ್ಮ ಯಂತ್ರದಲ್ಲಿ ಸುಡೊ ಸೇರಿಸಿ ಸಿದ್ಧಗೊಳಿಸಹೊರಟರೂ ಅದು ತಡೆದು ನಿಲ್ಲುತ್ತದೆ. ಹೆಚ್ಚಿನ ಅಧಿಕಾರವನ್ನು ಆಳೇ ಬೇಡವೆನ್ನುವಾಗ ಬಲವಂತವಾಗಿ ಕೊಡುವುದು ಯಾವ ಜಾಣತನ?

ಮನೆಯಲ್ಲಿ, ಶಾಲೆಯಲ್ಲಿ

ಈ ತತ್ತ್ವವನ್ನು ಆಚರಿಸಲು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಪೋಷಕರ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿಯೊಂದು ಆ್ಯಪಿಗೂ ಪ್ರತ್ಯೇಕ ಬಳಕೆದಾರ ಸಂಖ್ಯೆಯಿರುತ್ತದೆ. ಒಂದರ ಕಡತಕ್ಕೆ ಇನ್ನೊಂದು ಕೈ ಹಾಕಲಾಗದು. ಕ್ಯಾಮೆರಾ, ವಿಳಾಸಪುಸ್ತಕ ಮೊದಲಾದುವನ್ನು ಬಳಸಲು ಅದು ನಮ್ಮ ಒಪ್ಪಿಗೆಯನ್ನು ಕೇಳುತ್ತದೆ. ಬೆಳಕು ಬಿಡುವುದಷ್ಟೇ ಕೆಲಸವಾಗಿರುವ ಆ್ಯಪು ವಿಳಾಸಪುಸ್ತಕವನ್ನು ಕೇಳಿದರೆ, ಪತ್ತಾಯದ ಕೈ ಕೇಳಿದ ಕೊನೆಗಾರನನ್ನು ನೆನೆದುಕೊಂಡು ಇಲ್ಲವೆನ್ನಬೇಕು. ಮನೆಯಲ್ಲಿ ಒಂದೇ ಗಣಕಯಂತ್ರವಿದ್ದು, ಹಗಲು ಮಗು ಆಟವಾಡಿ ರಾತ್ರಿ ತಂದೆ ಬ್ಯಾಂಕಿನ ವ್ಯವಹಾರ ಮಾಡುವುದಾದರೆ, ಮಗುವಿಗೆ ಬೇರೆಯೇ ಆದ ಸಾಮಾನ್ಯ ಖಾತೆಯನ್ನು ತೆರೆದುಕೊಡಿರಿ. ದೊಡ್ಡವರೂ ದಿನನಿತ್ಯದ ಕೆಲಸಕ್ಕೆ ಆಡಳಿತಗಾರನ ಖಾತೆಯನ್ನು ಬಳಸದಿರುವುದು ಒಳ್ಳೆಯದು.

ವಿದ್ಯಾರ್ಥಿಗಳಿಗೆ ಒಂದು ಮಾತು. ರೂಟ್ ಆಗುವುದನ್ನು ಪ್ರೌಢಿಮೆಯೆಂದು ತಿಳಿಯುವ ವಯಸ್ಸು ನಿಮ್ಮದು. ನಮಗೂ ಆ ವಯಸ್ಸಿತ್ತು. ಲಿನಕ್ಸಿನಲ್ಲಿ ‘ಹೂ ಆ್ಯಮ್ ಐ’ ಎಂಬ ಆಜ್ಞೆಯೊಂದಿದೆ, ‘ನಾನು ಯಾರು?’ ಎಂದು ಅದರರ್ಥ. ನಮ್ಮ ಹಿರಿಯರು ಈ ಪ್ರಶ್ನೆಗೆ ಉತ್ತರ ಹುಡುಕಲು ಬಹುಕಾಲ ತಪಸ್ಸು ಮಾಡಿದರೆಂದು ಕೇಳಿದ್ದೀರಿ. ಯಂತ್ರವಾದರೋ ನೀವು ಯಾವ ಖಾತೆಯಲ್ಲಿ ನಿಂತಿರುವಿರೆಂಬುದನ್ನು ಕ್ಷಣದಲ್ಲಿ ತಿಳಿಸುತ್ತದೆ. ಅಳಿಸುವ, ಬದಲಿಸುವ, ಸ್ಥಾಪಿಸುವ ಯಾವ ಆಜ್ಞೆಗೂ ಮೊದಲು ಒಮ್ಮೆ ಅದನ್ನು ಕೇಳಿ ನೋಡಿರಿ. ಉತ್ತರ ‘ರೂಟ್’ ಎಂದು ಬಂದರೆ ಕೈಯನ್ನು ಹಿಂದೆಗೆದು, ಬರೆದ ಸಾಲನ್ನು ಇನ್ನೊಮ್ಮೆ ಓದಿರಿ. ‘ಅನುಮತಿಯಿಲ್ಲ’ ಎಂದು ಯಂತ್ರ ಹೇಳಿದಾಗ ಸುಡೊ ಸೇರಿಸುವುದಕ್ಕೆ ಮುಂಚೆ, ಏಕೆ ಇಲ್ಲವೆಂದು ಐದು ನಿಮಿಷ ಯೋಚಿಸಿರಿ. ಹೆಚ್ಚಿನ ವೇಳೆ ತಪ್ಪು ನಿಮ್ಮ ಸಾಲಿನಲ್ಲಿಯೋ ಫೋಲ್ಡರಿನ ಒಡೆತನದಲ್ಲಿಯೋ ಇರುವುದು ಕಂಡುಬರುತ್ತದೆ.

ಮುಂದೆ ನೀವು ಹಿರಿಯ ಹುದ್ದೆಗಳಿಗೆ ಹೋದಾಗ ಯಾರಿಗೆ ಎಷ್ಟು ಅಧಿಕಾರ ಕೊಡಬೇಕೆಂಬ ತೀರ್ಮಾನ ನಿಮ್ಮ ಪಾಲಿಗೆ ಬರುತ್ತದೆ. ಮಿತವಾದ ಅಧಿಕಾರವನ್ನು ಕೊಡುವುದರಿಂದ ಕೆಲಸಗಾರನಿಗೆ ಅವಮಾನವಾಯಿತೆಂದು ಎಣಿಸಬೇಡಿರಿ. ಪತ್ತಾಯದ ಕೈ ತನ್ನ ಬಳಿ ಇಲ್ಲದ ಕೊನೆಗಾರನು, ಭತ್ತ ಕಡಿಮೆಯಾದ ದಿನ ಯಾರ ಮುಖವನ್ನೂ ನೋಡಲು ಅಂಜಬೇಕಾಗಿರಲಿಲ್ಲ. ನಮ್ಮ ಕಛೇರಿಯ ಆ ಹುಡುಗನಿಗೆ ನಾವು ಒದಗಿಸಬೇಕಾಗಿದ್ದುದು ಆ ನಿಶ್ಚಿಂತೆಯನ್ನೇ.